ಅವ್ವಗ ಎಷ್ಟು ಆರೈಕಿ ಬೇಕು, ಕೇರ್ ಹೋಂನವ್ರು ಎಷ್ಟು ಕೊಡಾಕತ್ಯಾರ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಮುಂದ ಇಟ್ಕೊಂಡು ಕುಂತ್ರ ಬಾಳಷ್ಟು ಒಂದೇ ವಿಷಯದ್ದು. ವಯಸ್ಸಾದವ್ರನ್ನ ವೃದ್ಧಾಶ್ರಮಕ್ಕೋ ಕೇರ್ ಹೋಂಗೋ ಸೇರ್ಸೀವಿ, ಅಲ್ಲಿ ಬೇಕಾದಷ್ಟು ಆರೈಕಿ ಸಿಗವಲ್ದು ಅಂತ ಕೆಲವ್ರು, ಎಲ್ಲಾ ತಾವೇ ಮಾಡಿ ನಮ್ಮವ್ರನ್ನ ಮಲಗಿಸಿಬಿಟ್ಟಾರ ಅಂತ ಕೆಲವ್ರು. ಅದಕ್ಕ ಈ ಸಲ ಪುಟ ಪೂರ್ತಿ ಇದಕ್ಕೇ ಕೊಟ್ಟೀನಿ. ಊರು ಬಿಟ್ಟು ಬ್ಯಾರೆ ಗುರುತು ಎಲ್ಲಾ ತೆಗ್ದೀನಿ.

ಪ್ರಶ್ನೆ (ಸಿಂಧನೂರು): ಮೇಡಂ, ನಮ್ಮವ್ವಗ 74 ವರ್ಷ. ಹೋದ ವರ್ಷ ನಾಟಿ ಟೈಮಿನಾಗ ಲಕ್ವ ಹೊಡೀತು, ಎಡಗೈ ಎಡಗಾಲು ಬಿದ್ದುವು. ಆಸ್ಪತ್ರೆಯಿಂದ ಸೀದಾ ಬಳ್ಳಾರಿಯ ಒಂದು ಕೇರ್ ಹೋಂಗೆ ಹಾಕಿದ್ವಿ, ಮನ್ಯಾಗ ನೋಡ್ಕೊಳ್ಳೋರು ಯಾರೂ ಇದ್ದಿಲ್ಲ. ಆವಾಗ ಬೆಡ್‌ರಿಡನ್ ಅಂತ ಬರ್ಕೊಂಡ್ರು, ತಿಂಗಳಿಗೆ 24,000 ಅಂದ್ರು, ಒಪ್ಕೊಂಡ್ವಿ. ಈಗ ಅವ್ವ ಎದ್ದು ಕುಂದ್ರತಾಳ, ಹಿಡ್ಕೊಂಡ್ರ ನಿಂದ್ರತಾಳ, ಮಾತೂ ಚಲೋ ಬರ್ತಾವ. ಆದ್ರೂ ಹಗಲು ರಾತ್ರಿ ಡೈಪರ್ ಹಾಕಿ ಮಲಗಿಸೇ ಇಟ್ಟಿರ್ತಾರ, ಊಟ ಬಾಯಾಗ ತುರುಕಿ ಹೋಗ್ತಾರ. ಎಷ್ಟು ಆರೈಕಿ ಬೇಕು ಅಂತ ಬರ್ಕೊಂಡ ಆ ಲೆವೆಲ್ ಚೇಂಜ್ ಮಾಡ್ರಿ ಅಂದ್ರ "ಸ್ಟ್ರೋಕ್ ಪೇಶಂಟ್ ಅಲ್ರಿ, ಬಿದ್ರ ಯಾರು ಜವಾಬ್ದಾರಿ" ಅಂತಾರ. ನಾವು ಏನ್ ಕೇಳಬೇಕು, ಹೆಂಗ ಕೇಳಬೇಕು?

ಉತ್ತರ: ತಮ್ಮಾ, ನಿಮ್ಮ ಪತ್ರದಾಗ ಎರಡು ಮಾತು ಅದಾವ, ಒಂದು ರೊಕ್ಕದ್ದು ಒಂದು ಅವ್ವಂದು. ಅವ್ವಂದು ಮೊದ್ಲು ನೋಡೂಣು, ಯಾಕಂದ್ರ ಅದಕ್ಕ ಟೈಮ್ ಇಲ್ಲ. ಲಕ್ವ ಹೊಡದ ಮ್ಯಾಲೆ ಕೈಕಾಲಿಗೆ ಶಕ್ತಿ ಜಾಸ್ತಿ ವಾಪಸ್ ಬರೋದು ಮೊದಲ 3 ತಿಂಗಳಾಗ, ಆಮ್ಯಾಲೂ ಬರ್ತೈತಿ ಆದ್ರ ನಿಧಾನ, ಮತ್ತ ಕೆಲ್ಸ ಕೊಟ್ರ ಮಾತ್ರ ಬರ್ತೈತಿ. ಮಲಗಿಸೇ ಇಟ್ರ ಲಕ್ವ ಹೊಡೀದ ಬಲಗಾಲೂ ಸೊರಗ್ತೈತಿ, ಮಂಡಿ ಹಿಡ್ಕೊಂತೈತಿ, ಬೆನ್ನಿನ ಕೆಳಗ ಹುಣ್ಣು ಬೀಳ್ತಾವ. ಜಾಸ್ತಿ ಆರೈಕಿ ಮಾಡಾಕತ್ಯಾರ ಅಂತ ನಮಗ ಕಾಣ್ತೈತಿ, ಆದ್ರ ಅದು ಅವ್ವನ ಕೈಯಾಗ ಉಳದಿದ್ದನ್ನೂ ಕಸ್ಕೊಳ್ಳೋದು. ಕಡಿಮಿ ನೋಡ್ಕೊಂಡ್ರ ಎಷ್ಟು ತ್ರಾಸೋ ಇದೂ ಅಷ್ಟೇ ತ್ರಾಸು, ಇದನ್ನ ನಮ್ಮ ಕಡೆ ಜನ ಇನ್ನೂ ನಂಬವಲ್ರು.

"ಸ್ಟ್ರೋಕ್ ಪೇಶಂಟ್" ಅನ್ನೋದು ರೋಗದ ಹೆಸ್ರು, ಎಷ್ಟು ಸಹಾಯ ಬೇಕು ಅನ್ನೋದನ್ನ ಅದು ಹೇಳೂದಿಲ್ಲ. ಒಂದೇ ದಿನ ಲಕ್ವ ಹೊಡದ ಇಬ್ರಾಗ ಒಬ್ಬಾಕಿ ತಾನೇ ಬಚ್ಚಲಕ್ಕ ಹೋಗ್ತಾಳ, ಇನ್ನೊಬ್ಬಾಕಿಗೆ ಮಗ್ಗಲು ಬದಲಾಯಿಸಾಕೂ ಇಬ್ರು ಬೇಕು. ಅದಕ್ಕೇ ಡಾಕ್ಟ್ರು, ಫಿಸಿಯೋದವ್ರು ಬಾರ್ಥೆಲ್ ಇಂಡೆಕ್ಸ್ ಅಂತ ಒಂದು ಪಟ್ಟಿ ಬಳಸ್ತಾರ, 1965ರಿಂದ ಐತಿ, ಒಂದೇ ಹಾಳ್ಯಾಗ ಮುಗೀತೈತಿ. ಉಣ್ಣೋದು, ಜಳಕ, ತಲಿ ಬಾಚಿ ಮುಖ ತೊಳ್ಕೊಳ್ಳೋದು, ಬಟ್ಟಿ ಉಟ್ಕೊಳ್ಳೋದು, ಸಂಡಾಸ್ ಹಿಡಿತ, ಉಚ್ಚಿ ಹಿಡಿತ, ಟಾಯ್ಲೆಟ್ ಬಳಸೋದು, ಹಾಸಿಗಿಂದ ಕುರ್ಚಿಗೆ ಹೋಗೋದು, ನಡಿಯೋದು, ಮೆಟ್ಲ ಹತ್ತೋದು, ಹಿಂಗ 10 ಕೆಲಸ. ತಾನೇ ಮಾಡ್ತಾಳೋ, ಸ್ವಲ್ಪ ಹಿಡ್ಕೊಂಡ್ರ ಮಾಡ್ತಾಳೋ, ಪೂರ್ತಿ ಬ್ಯಾರೆಯವ್ರೇ ಮಾಡಬೇಕೋ ಅಂತ ಮಾರ್ಕ್ಸ್ ಹಾಕೋದು, ಒಟ್ಟು 100ಕ್ಕ. ಕುರ್ಚಿಗೆ ಹೋಗೋದಕ್ಕ, ನಡಿಯೋದಕ್ಕ 15-15 ಮಾರ್ಕ್ಸ್, ಯಾಕಂದ್ರ ಕೇರ್‌ಟೇಕರ್ ಬೆನ್ನು ಮುರಿಯೋ ಕೆಲಸ ಅವೇ.

ಆ ಹೋಂನವ್ರು ಸೇರ್ಸೋವಾಗ ಇಂಥದ್ದೊಂದು ಮಾಡಿದ್ರಾ ಅಂತ ಕೇಳ್ರಿ. ಮಾಡಿದ್ರ ಕಾಪಿ ಕೇಳ್ರಿ, ಇಲ್ಲಾಂದ್ರ ಈಗ ಮಾಡಿಸ್ರಿ, ಫಿಸಿಯೋದವ್ರನ್ನ ನೀವೇ ಕರಕೊಂಡು ಹೋದ್ರೂ ನಡೀತೈತಿ. ಅಮೇರಿಕಾದಾಗ 1987ರ ಕಾಯ್ದೆ ಬಂದ ಮ್ಯಾಲೆ ಸರ್ಕಾರದ ದುಡ್ಡು ತಗೊಳ್ಳೋ ನರ್ಸಿಂಗ್ ಹೋಂಗಳು ಸೇರಿದ 14 ದಿನದೊಳಗ ಪೂರ್ತಿ ತಪಾಸಣೆ ಮಾಡಿ ಬರೀಬೇಕು, ಆಮ್ಯಾಲೆ 3 ತಿಂಗಳಿಗೊಮ್ಮೆ, ಮತ್ತ ಸ್ಥಿತಿ ಬಾಳ ಬದಲಾದ್ರ ನಡುವನೂ ಮತ್ತೊಮ್ಮೆ. ಅದು ನಮ್ಮ ಕಾಯ್ದೆ ಅಲ್ಲ, ಆದ್ರ ಆಸ್ಪತ್ರೆಯಿಂದ ಬಂದ ದಿನ ಬರದ ಲೆವೆಲ್ಲು ವರ್ಷಗಟ್ಲೆ ಹಂಗೇ ಕುಂದ್ರಬಾರದು ಅನ್ನೋ ಮಾತು ಬಳ್ಳಾರಿಗೂ ಸಿಂಧನೂರಿಗೂ ಅಷ್ಟೇ ಖರೇ. 3 ತಿಂಗಳಿಗೊಮ್ಮೆ ನೋಡ್ತೀವಿ ಅಂತ ಅಗ್ರಿಮೆಂಟ್‌ನಾಗ ಒಂದು ಸಾಲು ಬರಿಸ್ಕೊಳ್ರಿ.

ಅದಕ್ಕಿಂತ ಮೊದ್ಲು ನೀವು ಯಾರಾದ್ರೂ ಒಬ್ರು ಅಲ್ಲಿ ಹೋಗಿ ಬೆಳಿಗ್ಗೆ ಜಳಕದಿಂದ ರಾತ್ರಿ ಮಲಗೋತನಕ ಕೂತು ನೋಡ್ರಿ. ಅರ್ಧ ತಾಸು ಹಣ್ಣು ಕೊಟ್ಟು ಮಾತಾಡ್ಸಿ ಬಂದ್ರ ಏನೂ ಗೊತ್ತಾಗೂದಿಲ್ಲ. ಊಟದ್ದೇ ನೋಡ್ರಿ, ಖಡಕ್ ಜ್ವಾಳದ ರೊಟ್ಟಿ ತಾಟಿನಾಗ ಇಟ್ರ ಒಂದು ಕೈಲೆ ಮುರ್ಕೊಳ್ಳಾಕ ಆಗೂದಿಲ್ಲ, ತಾಟು ಜಾರ್ತೈತಿ, ಆಯಾ ನೋಡಿ "ತಾನಾಗಿ ಉಣ್ಣಲ್ಲ" ಅಂತ ಬರೀತಾಳ. ಅದೇ ಜ್ವಾಳದ ನುಚ್ಚು ಮಜ್ಜಿಗಿ ಕಲಸಿ ಅಂಚು ಎತ್ತರ ಇರೋ ಬಟ್ಟಲಾಗ ಹಾಕಿ, ಕೆಳಗ ಹಸಿ ಬಟ್ಟಿ ಹಾಸಿ, ಬಲಗೈಗೆ ಚಮಚ ಕೊಟ್ರ ಅವ್ವ ತಾನೇ ಉಣ್ತಾಳೇನೋ. ಸೀದಾ ಕೂಡಿಸಿ ಉಣಿಸಬೇಕು, ಉಣ್ಣುವಾಗ ಕೆಮ್ಮು ಬಂದ್ರ ಇಲ್ಲಾ ದನಿ ಗೊರಗೊರ ಆದ್ರ ನುಂಗೋ ತೊಂದ್ರಿ ಐತಿ ಅಂತ, ಆವಾಗ ನಿಲ್ಲಿಸಿ ಡಾಕ್ಟ್ರಿಗೆ ತೋರಿಸ್ರಿ. ಕುರ್ಚಿಗೆ ಇಳಿಸುವಾಗ ಕುರ್ಚಿ ಶಕ್ತಿ ಇರೋ ಬಲಗಡೆ ಇರಬೇಕು, ಬಿದ್ದ ಎಡಗೈ ಹಿಡದು ಎಳೀಬಾರದು, ಭುಜ ಕಳಚ್ಕೊಂತೈತಿ. ಡೈಪರ್ ಮಾತು ಬಂದ್ರ, ಅವ್ವಗ ಬರೋದು ಗೊತ್ತಾಗ್ತೈತಿ ಆದ್ರ ಕರದ್ರ ಯಾರೂ ಬರೂದಿಲ್ಲ ಅನ್ನೋದಾದ್ರ ಅದು ಹಿಡಿತ ಇಲ್ಲ ಅಂತ ಅಲ್ಲ, ಕೈ ಕಡಿಮಿ ಅದಾವ ಅಂತ. ಹಗಲೊತ್ತು 2-3 ತಾಸಿಗೊಮ್ಮೆ ಕಮೋಡ್ ಕುರ್ಚಿ ಮ್ಯಾಲೆ ಕೂಡಿಸ್ರಿ ಅಂತ ಕೇಳ್ರಿ, ರಾತ್ರಿಗೆ ಬೇಕಾದ್ರ ಡೈಪರ್ ಇರಲಿ.

"ಬಿದ್ರ ಯಾರು ಜವಾಬ್ದಾರಿ" ಅನ್ನೋ ಭಯ ಅವ್ರದ್ದು ಸುಳ್ಳಲ್ಲ. ನೀವೇ ಬರದು ಕೊಡ್ರಿ, ಒಬ್ರು ಹಿಡ್ಕೊಂಡು ದಿನಕ್ಕ ಎರಡು ಹೊತ್ತು ನಿಲ್ಲಿಸೋದಕ್ಕ, ಕುರ್ಚ್ಯಾಗ ಕೂಡಿಸೋದಕ್ಕ ನಮ್ಮ ಒಪ್ಪಿಗಿ ಐತಿ, ಬೀಳೋ ಸಾಧ್ಯತೆ ಇದ್ದದ್ದು ನಮಗ ಗೊತ್ತೈತಿ ಅಂತ. ಅಷ್ಟಾದ ಮ್ಯಾಲೆ ರೇಟಿನ ಮಾತು ಆಡ್ರಿ. ಒಂದು ಮಾತ್ರ ನೆನಪಿರಲಿ, ಹಿಡ್ಕೊಂಡು ನಡಸೋದು ಮಲಗಿಸಿ ಡೈಪರ್ ಬದಲಾಯಿಸೋದಕ್ಕಿಂತ ಜಾಸ್ತಿ ಟೈಮ್ ಬೇಡೋ ಕೆಲಸ, ಅದಕ್ಕ ರೇಟು ಕೂಡ್ಲೇ ಇಳೀದಿರಬಹುದು. ಅದೇ ರೊಕ್ಕಕ್ಕ ಅವ್ವ ನಡದ್ರ ನಾನಂತೂ ಒಪ್ಕೊಂತೀನಿ.

ಪ್ರಶ್ನೆ (ಲಿಂಗಸುಗೂರು): ನಮ್ಮಪ್ಪ ಹಟ್ಟಿ ಚಿನ್ನದ ಗಣ್ಯಾಗ ದುಡಿದು ರಿಟೈರ್ ಆದವ್ರು, 79 ವಯಸ್ಸು, ಮರೆವಿನ ಕಾಯಿಲೆ ಅಂತ ಡಾಕ್ಟ್ರು ಬರದಾರ. ಮೈ ಗಟ್ಟಿ ಐತಿ, ತಾವೇ ಉಣ್ತಾರ, ನೀರು ಇಟ್ರ ಜಳಕ ಮಾಡ್ತಾರ. ಅದಕ್ಕ ವೃದ್ಧಾಶ್ರಮದವ್ರು "ಇಂಡಿಪೆಂಡೆಂಟ್" ಅಂತ ಸೇರಿಸ್ಕೊಂಡ್ರು. ಆದ್ರ ನಸುಕಿನ್ಯಾಗ ಎದ್ದು "ಶಿಫ್ಟ್ ಐತಿ" ಅಂತ ಗೇಟ್ ದಾಟಿ ಹೊಂಟುಬಿಡ್ತಾರ, ಒಂದು ಸಲ ಹೈವೇ ಮ್ಯಾಲೆ ಸಿಕ್ರು. ಈಗ ಆಶ್ರಮದವ್ರು ಕರಕೊಂಡು ಹೋಗ್ರಿ, ಇಲ್ಲಾ ರಾತ್ರಿ ನಿದ್ದಿ ಗುಳಿಗಿ ಬರಸ್ಕೊಂಡು ಬರ್ರಿ ಅಂತಾರ. ಏನು ಮಾಡೂಣು?

ಉತ್ತರ: ಅಕ್ಕಾರ, ಮೊದ್ಲು ಆ ಗುಳಿಗಿ ಮಾತು. ಮರೆವಿನ ಕಾಯಿಲೆ ಇದ್ದವ್ರಿಗೆ ನಿದ್ದಿ ಗುಳಿಗಿ, ಶಾಂತ ಆಗೋ ಗುಳಿಗಿ ಕೊಟ್ರ ಗೊಂದಲ ಇನ್ನೂ ಜಾಸ್ತಿ ಆಗಬಹುದು, ರಾತ್ರಿ ಎದ್ದಾಗ ತೂಗಾಡಿ ಬಿದ್ದು ಸೊಂಟ ಮುರ್ಕೊಳ್ಳೋದು ಬಾಳ ನೋಡೀನಿ. ಕಾವಲಿಗೆ ಮನುಷ್ಯಾ ಇಲ್ಲ ಅಂತ ಗುಳಿಗಿ ಕೊಡಬಾರದು. ಖರೇವಂದ್ರೂ ಬೇಕು ಅಂತ ಮಾನಸಿಕ ತಜ್ಞರು ನೋಡಿ ಹೇಳಿದ್ರ ಅದು ಬ್ಯಾರೆ ಮಾತು, ಅದನ್ನ ಸಣ್ಣ ಡೋಸಿನಾಗ, ಇಷ್ಟು ದಿನ ಅಂತ ಬರದು ಕೊಡ್ತಾರ.

ನಿಮ್ಮಪ್ಪಾಜಿ ಲೆವೆಲ್ ತಪ್ಪಿದ್ದು ಎಲ್ಲಿ ಅಂದ್ರ, ಮ್ಯಾಲೆ ಹೇಳಿದ ಪಟ್ಟಿ ಇರೋದು ಮೈ ಕೆಲಸಕ್ಕ, ತಲಿ ಕೆಲಸ ಅದರಾಗ ಬರೂದಿಲ್ಲ. ನಿಮ್ಮಪ್ಪಾಜಿಗೆ ಬಾರ್ಥೆಲ್ ಹಾಕಿದ್ರ 90ರ ಮ್ಯಾಲೆ ಬರಬಹುದು, ಆದ್ರೂ ಅವ್ರನ್ನ ಒಂದು ತಾಸು ಒಬ್ರನ್ನೇ ಬಿಡಾಕ ಆಗೂದಿಲ್ಲ. ಜರ್ಮನಿಯಾಗೂ ಹಿಂಗೇ ಆಗಿತ್ತು, ಅಲ್ಲಿ ಸರ್ಕಾರದ ಆರೈಕಿ ವಿಮೆ ಐತಿ, ಮೊದ್ಲು 3 ಲೆವೆಲ್ ಇದ್ದುವು, ಬಹುತೇಕ ಮೈ ಆರೈಕಿಗೆ ಎಷ್ಟು ನಿಮಿಷ ಬೇಕು ಅಂತನೇ ಲೆಕ್ಕ ಹಾಕ್ತಿದ್ರು, ಮರೆವಿನವ್ರು ಓಡಾಡ್ತಾರಲ್ಲ ಅಂತ ಕೆಳಗಿನ ಲೆವೆಲ್‌ಗೆ ಬೀಳ್ತಿದ್ರು. ಜನ ಬಾಳ ಗುದ್ದಾಡಿದ ಮ್ಯಾಲೆ 2017ರಾಗ ಅದನ್ನ ತೆಗೆದು 5 ಲೆವೆಲ್ ಮಾಡಿ, ನೆನಪು, ತಿಳುವಳಿಕಿ, ನಡವಳಿಕಿ ಇವನ್ನೂ ಲೆಕ್ಕಕ್ಕ ತಗೊಂಡ್ರು.

ಹಂಗಾಗಿ ನೀವು ಹೋಂನವ್ರ ಮುಂದ ಇಡಬೇಕಾದ ಪಟ್ಟಿ ಬ್ಯಾರೆ. ಗುಳಿಗಿ ತಾವೇ ಟೈಮಿಗೆ ತಗೊಂತಾರಾ, ಫೋನ್ ಮಾಡ್ತಾರಾ, ರೊಕ್ಕ ಎಣಿಸ್ತಾರಾ, ಜಳಕ ಮಾಡು ಅಂತ ಎಷ್ಟು ಸಲ ಹೇಳಬೇಕು, ಬಿಸಿನೀರು ತಣ್ಣೀರು ಗೊತ್ತಾಗ್ತೈತಾ, ರೂಮಿಗೆ ವಾಪಸ್ ದಾರಿ ಗೊತ್ತಾಗ್ತೈತಾ, ರಾತ್ರಿ ಎಷ್ಟೊತ್ತಿಗೆ ಏಳ್ತಾರ. "ನೀರು ಇಟ್ರ ಜಳಕ ಮಾಡ್ತಾರ" ಅಂತ ನೀವೇ ಬರದೀರಿ, ನೀರು ಇಡೋರು, ಹೇಳೋರು, ಬಾಗಿಲ ಹತ್ರ ನಿಂದ್ರೋರು ಒಬ್ರು ಬೇಕಾದ್ರು ಅಂದ ಮ್ಯಾಲೆ ಅದು ಇಂಡಿಪೆಂಡೆಂಟ್ ಹೆಂಗ ಆಗ್ತೈತಿ? ಮೈ ಮುಟ್ಟಿ ಮಾಡೋದಷ್ಟೇ ಆರೈಕಿ ಅಂತ ತಿಳ್ಕೊಂಡ್ರ ಇಂಥವ್ರು ಯಾವಾಗಲೂ ತಪ್ಪಿಸ್ಕೊಂತಾರ.

ಶಿಫ್ಟಿನ ಮಾತಿಗೆ ಬರ್ತೀನಿ, ಇದು ನನಗ ಬಾಳ ಮನಸ್ಸಿಗೆ ಹತ್ತಿದ್ದು. ವರ್ಷಾನುಗಟ್ಲೆ ಗಣಿಗೆ ಇಳದವ್ರಿಗೆ ಆ ಹೊತ್ತಿಗೆ ಮೈ ತಾನೇ ಏಳ್ತೈತಿ. ಗೇಟಿಗೆ ಬೀಗ ಹಾಕಿ ತಡದ್ರ ಜಗಳ ಆಗ್ತೈತಿ, ಸಿಟ್ಟು ಬರ್ತೈತಿ, ಆಮ್ಯಾಲೆ "ಹಿಂಸಾ ಮಾಡ್ತಾರ" ಅಂತ ಫೈಲಿನಾಗ ಬರೀತಾರ. ಆ ಹೊತ್ತಿಗೆ ಯಾರರ ಒಬ್ರು ಎದ್ದು ಚಾ ಕೊಟ್ಟು, ಕಾಂಪೌಂಡ್ ಒಳಗ ಅರ್ಧ ತಾಸು ಜೊತೀಗೆ ನಡದು, ಕೈಗೆ ಒಂದು ಕೆಲಸ ಕೊಟ್ರ, ಗಿಡಕ್ಕ ನೀರು ಹಾಕೋದೋ ಕುರ್ಚಿ ಜೋಡ್ಸೋದೋ, ಎಷ್ಟೋ ಜನ ಸಮಾಧಾನ ಆಗ್ತಾರ. ಅವ್ರಿಗೆ ಬೇಕಾಗಿರೋ ಕೇರ್ ಲೆವೆಲ್ಲು ಅಂದ್ರ ಇದೇ, ನಸುಕಿನ್ಯಾಗ ಎಚ್ಚರ ಇರೋ ಒಬ್ಬ ಮನುಷ್ಯಾ. ಇದನ್ನ ಆ ಹೋಂನವ್ರು ಕೊಡಾಕ ಆಗೂದಿಲ್ಲ ಅಂದ್ರ ಜಗಳ ಆಡದ ಬ್ಯಾರೆ ಕಡೆ ನೋಡ್ರಿ. ಕೇಂದ್ರ ಸರ್ಕಾರ ವೃದ್ಧಾಶ್ರಮಗಳಿಗೆ ಗ್ರಾಂಟ್ ಕೊಡೋ ಸ್ಕೀಮಿನಾಗೂ ಸಾಮಾನ್ಯ ಆಶ್ರಮ ಬ್ಯಾರೆ, ಸದಾ ನರ್ಸಿಂಗ್ ಬೇಕಾದವ್ರಿಗೆ, ಮರೆವಿನ ಕಾಯಿಲೆಯವ್ರಿಗೆ ಇರೋ ಮನಿ ಬ್ಯಾರೆ ಅಂತ ಮಾಡ್ಯಾರ. 14567ಕ್ಕ ಫೋನ್ ಹಚ್ಚಿ ನಿಮಗ ಹತ್ರ ಯಾವುದು ಅಂತ ಕೇಳ್ರಿ, ಅದು ಹಿರಿಯರ ಸಹಾಯವಾಣಿ, ಫ್ರೀ. ತಜ್ಞರಿಗೆ ತೋರಿಸಾಕ ಧಾರವಾಡದಾಗ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಐತಿ. ಅಲ್ಲೀತನಕ ಅಂಗಿ ಜೇಬಿನಾಗ, ಮತ್ತ ಕೈಗೆ ಬಳಿ ತರ, ಹೆಸ್ರು ಮತ್ತ ನಿಮ್ಮ ಫೋನ್ ನಂಬರ್ ಇರಲಿ, ಹತ್ರದ ಪೊಲೀಸ್ ಠಾಣಿಗೆ ಒಂದು ಫೋಟೋ ಕೊಟ್ಟು ಬರ್ರಿ.

ಪ್ರಶ್ನೆ (ರಾಯಚೂರು): ನಮ್ಮ ಅತ್ತಿ ವೃದ್ಧಾಶ್ರಮದಾಗ ಚಲೋನೇ ಇದ್ರು. ಮೇ ತಿಂಗಳಾಗ 3 ದಿನದೊಳಗ ಮಾತು ತಪ್ಪಾಕತ್ತಿತು, ನನ್ನನ್ನೇ ಗುರ್ತು ಹಿಡೀಲಿಲ್ಲ, ಬಟ್ಟ್ಯಾಗ ಹೋಗಾಕತ್ರು. ಈಗ ಆಶ್ರಮದವ್ರು ಡಿಮೆನ್ಷಿಯಾ, ಅಂದ್ರ ಮರೆವಿನ ಕಾಯಿಲೆ, ಬಂದೈತಿ, ಫುಲ್ ಕೇರ್ ರೂಮಿಗೆ ಹಾಕ್ತೀವಿ, ಫೀಸ್ ಜಾಸ್ತಿ ಅಂತಾರ. ಒಪ್ಕೋಬೇಕಾ?

ಉತ್ತರ: ಒಪ್ಪೋದು ಬಿಡೋದು ಆಮ್ಯಾಲೆ, ಇವತ್ತೇ ರಿಮ್ಸ್ ಸರ್ಕಾರಿ ಆಸ್ಪತ್ರೆಗೋ ನಿಮ್ಮ ಡಾಕ್ಟ್ರ ಹತ್ರನೋ ಕರಕೊಂಡು ಹೋಗ್ರಿ. ಮರೆವಿನ ಕಾಯಿಲೆ ವರ್ಷಗಟ್ಲೆ ನಿಧಾನಕ್ಕ ಬರೋದು, 3 ದಿನದಾಗ ಬಂದದ್ದು ಬಾಳ ಸಲ ಬ್ಯಾರೆನೇ ಇರ್ತೈತಿ, ಹಿಂಗ ಒಮ್ಮೆಲೇ ತಲಿ ಗೊಂದಲ ಆಗೋದಕ್ಕ ಡೆಲಿರಿಯಂ ಅಂತಾರ. ಉಚ್ಚಿ ಸೋಂಕು, ನೀರು ಕಡಿಮಿ ಆಗಿದ್ದು, ಸೋಡಿಯಂ ಇಳದದ್ದು, ಶುಗರ್ ಏರುಪೇರು, ಹೊಸ ಗುಳಿಗಿ, ಕೆಲವೊಮ್ಮೆ 4-5 ದಿನ ಸಂಡಾಸ್ ಆಗದಿದ್ರೂ ಹಿಂಗ ಆಗ್ತೈತಿ, ತಲಿಗೆ ಪೆಟ್ಟು ಬಿದ್ದದ್ದೈತೇನೋ ಅದನ್ನೂ ಕೇಳ್ತಾರ. ರಾಯಚೂರಿನ ಮೇ ಬಿಸಲು 40 ಡಿಗ್ರಿ ದಾಟಿದಾಗ ವಯಸ್ಸಾದವ್ರಿಗೆ ನೀರಡಿಕಿನೇ ಗೊತ್ತಾಗೂದಿಲ್ಲ, ಅದ್ರಾಗ ಬಿಪಿಗೆ ಉಚ್ಚಿ ಹೋಗೋ ಗುಳಿಗಿ ತಗೊಳ್ಳೋರಾದ್ರ ಸೋಡಿಯಂ ಇಳಿಯೋದು ಜಾಸ್ತಿ. ತಗೊಳ್ಳೋ ಎಲ್ಲಾ ಗುಳಿಗಿ ಚೀಟಿ ಸಮೇತ ಒಯ್ಯಿರಿ, ರಕ್ತ, ಉಚ್ಚಿ ಟೆಸ್ಟ್ ಮಾಡಿಸ್ರಿ. ಹಾರ್ಟ್ ಇಲ್ಲಾ ಕಿಡ್ನಿ ತೊಂದ್ರಿ ಇದ್ರ ಡಾಕ್ಟ್ರನ್ನ ಕೇಳದ ಓಆರ್‌ಎಸ್ ಹೊಡೀಬ್ಯಾಡ್ರಿ. ಕಾರಣ ಸಿಕ್ಕು ಔಷಧಾ ಆದ ಮ್ಯಾಲೂ ತಲಿ ತಿಳಿ ಆಗಾಕ ವಾರಗಟ್ಲೆ ಬೇಕಾಗಬಹುದು. ಅಷ್ಟು ದಿನ ಜಾಸ್ತಿ ಆರೈಕಿ ಖರೇನೇ ಬೇಕು, ಅದಕ್ಕ ಜಾಸ್ತಿ ರೊಕ್ಕ ಕೊಡ್ರಿ, ಆದ್ರ "ತಾತ್ಕಾಲಿಕ, ಇಂಥ ತಾರೀಖಿಗೆ ಮತ್ತ ನೋಡೋದು" ಅಂತ ಬರಸ್ಕೊಂಡು ಕೊಡ್ರಿ.

ಪ್ರಶ್ನೆ (ಸಿರುಗುಪ್ಪ): ನಾನು ಒಂದು ಹೋಂನಾಗ ಆಯಾ ಕೆಲಸ ಮಾಡ್ತೀನಿ ಅಕ್ಕಾ. ರಾತ್ರಿ ನಾನೊಬ್ಬಾಕಿನೇ, 18 ಮಂದಿ ಅಜ್ಜಾ ಅಜ್ಜಿ. ರಿಜಿಸ್ಟರ್‌ನಾಗ ಬೆಡ್ ಪೇಶಂಟ್ 2 ಅಂತ ಐತಿ, ಖರೇ ನೋಡಿದ್ರ 6 ಮಂದಿಗೆ ಮಗ್ಗಲು ನಾನೇ ಬದಲಾಯಿಸಬೇಕು. ಒಬ್ಬ ಅಜ್ಜಗ ಬೆನ್ನಾಗ ಹುಣ್ಣು ಬಿತ್ತು, ಮಗಳು ಬಂದು ನನಗ ಬೈದು ಹೋದ್ಲು. ಕೆಲಸ ಬಿಡಾಕ ಆಗೂದಿಲ್ಲ. ಏನು ಮಾಡ್ಲಿ?

ಉತ್ತರ: ತಂಗೀ, ಆ ಹುಣ್ಣು ನಿನ್ನ ತಪ್ಪಲ್ಲ, ಲೆಕ್ಕದ ತಪ್ಪು. ಮಲಗಿದಲ್ಲೇ ಇರೋರಿಗೆ 2 ತಾಸಿಗೊಮ್ಮೆ ಮಗ್ಗಲು ಬದಲಾಯಿಸಬೇಕು ಅಂತ ನರ್ಸಿಂಗ್‌ನಾಗ ಎಲ್ರಿಗೂ ಕಲಿಸ್ತಾರ. ಒಬ್ರಿಗೆ ಡೈಪರ್ ನೋಡಿ, ಒರಸಿ, ಮಗ್ಗಲು ಹಾಕಿ, ದಿಂಬು ಇಡಾಕ 10 ನಿಮಿಷ ಅಂತ ಹಿಡಿ. 6 ಮಂದಿಗೆ 1 ತಾಸು, ಅದು 2 ತಾಸಿಗೊಮ್ಮೆ, ಅಂದ್ರ ರಾತ್ರಿ ಅರ್ಧ ಟೈಮ್ ಇದಕ್ಕೇ ಹೋತು. ಅದರಾಗ ಭಾರ ಇರೋರಿಗೆ ಇಬ್ರು ಹಿಡೀಬೇಕು, ಇನ್ನೊಬ್ರು ಎಲ್ಲಿಂದ ಬರಬೇಕು? ಉಳದ 12 ಮಂದ್ಯಾಗ ಒಬ್ರು ಬಚ್ಚಲಕ್ಕ ಹೋಗಿ ಬಿದ್ರ? ಜಪಾನಿನಾಗ 2000ದಾಗ ಆರೈಕಿ ವಿಮೆ ತಂದಾಗ ಇಂಥ ನಿಮಿಷದ ಲೆಕ್ಕಾನೇ ಹಿಡದ್ರು. ಈಗ ಮನಿಗೆ ಬಂದು 74 ಪ್ರಶ್ನೆ ಕೇಳಿ, ಈ ಮನುಷ್ಯಾಗ ದಿನಕ್ಕ ಎಷ್ಟು ನಿಮಿಷದ ಆರೈಕಿ ಬೇಕು ಅಂತ ಅಂದಾಜು ಹಾಕ್ತಾರ, ಡಾಕ್ಟ್ರ ಅಭಿಪ್ರಾಯನೂ ಸೇರಿಸಿ ಕಮಿಟಿ ಕೂತು 7 ಲೆವೆಲ್ಲಿನಾಗ ಯಾವುದು ಅಂತ ಹೇಳ್ತೈತಿ. ಎಷ್ಟು ಹಾಸಿಗಿ ಅದಾವ ಅಂತ ಎಣಿಸಿ ಆಯಾನ ಇಟ್ರ ಹಿಂಗೇ ಆಗೋದು, ಎಷ್ಟು ನಿಮಿಷದ ಕೆಲಸ ಐತಿ ಅಂತ ಎಣಿಸಬೇಕು.

ನೀನು ಒಂದು ನೋಟ್‌ಬುಕ್ ಇಡು. ಯಾರಿಗೆ, ಎಷ್ಟೊತ್ತಿಗೆ, ಯಾವ ಮಗ್ಗಲು, ಚರ್ಮ ಹೆಂಗಿತ್ತು, ಅಷ್ಟೇ ಸಾಕು. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಗ ಕೆಂಪಾದ ಜಾಗ ಒತ್ತಿ ಬಿಟ್ರೂ ಕೆಂಪೇ ಉಳದ್ರ ಅದು ಹುಣ್ಣಿನ ಶುರು, ಅಲ್ಲಿ ತಿಕ್ಕಬ್ಯಾಡ, ಆ ಮಗ್ಗಲು ಮಲಗಿಸಬ್ಯಾಡ, ಬರದು ಮುಂಜಾನಿ ನರ್ಸ್‌ಗೆ ತೋರಿಸಿ ಸೈನ್ ಹಾಕಿಸ್ಕೋ. ಏರ್‌ಬೆಡ್ ತಂದೀವಲ್ಲ ಅಂತ ಮಾಲೀಕ್ರು ಅಂದ್ರ, ಏರ್‌ಬೆಡ್ ಇದ್ರೂ ಮಗ್ಗಲು ಬದಲಾಯಿಸೋದು ಬಿಡಾಂಗಿಲ್ಲ ಅಂತ ಹೇಳು. ಒಂದು ವಾರದ ಬುಕ್ ಇಟ್ಕೊಂಡು, ನಿನ್ನ ಜೊತಿ ಕೆಲಸ ಮಾಡೋರನ್ನೂ ಕರಕೊಂಡು, ರಾತ್ರಿಗೆ ಇನ್ನೊಬ್ರು ಬೇಕು ಅಂತ ಕೇಳ್ರಿ. ಈ ಪುಟ ಓದೋ ಮಕ್ಕಳಿಗೂ ಒಂದು ಮಾತು, ಹೋಂ ನೋಡಾಕ ಹೋದಾಗ ಟೈಲ್ಸು, ಟಿವಿ, ಊಟದ ಮೆನು ನೋಡಿ ಬರಬ್ಯಾಡ್ರಿ, ರಾತ್ರಿ 2 ಗಂಟೆಗೆ ಇಲ್ಲಿ ಎಚ್ಚರ ಇರೋರು ಎಷ್ಟು ಮಂದಿ ಅಂತ ಕೇಳ್ರಿ. ಆಯಾಗ ಬೈಯೋ ಮುಂಚೆ ಆ ರಾತ್ರಿ ಆಕಿ ಕೈಯಾಗ ಎಷ್ಟು ಜೀವ ಇದ್ದುವು ಅಂತ ವಿಚಾರ್ಸಿರಿ.

ಪ್ರಶ್ನೆ (ಕೊಪ್ಪಳ): ನಮ್ಮವ್ವಗ ಈಗ ಮೇಲಿನ ಲೆವೆಲ್ ಕೇರ್ ಖರೇನೇ ಬೇಕು, ಡಾಕ್ಟ್ರೂ ಬರದು ಕೊಟ್ಟಾರ. ನಾನೊಬ್ಬನೇ ರೊಕ್ಕ ಕಟ್ಟಾಕತ್ತೀನಿ, ಅಣ್ಣಂದಿರಿಬ್ರು ಗಂಗಾವತ್ಯಾಗ ಹೊಲ, ರೈಸ್‌ಮಿಲ್ಲು ಇಟ್ಕೊಂಡಾರ, ಒಂದು ಪೈಸಾ ಕೊಡವಲ್ರು. ಕೋರ್ಟಿಗೆ ಹೋದ್ರ ವರ್ಷಗಟ್ಲೆ ಅಂತಾರ.

ಉತ್ತರ: ಕೋರ್ಟ್ ಬ್ಯಾಡ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಐತಿ. ಉಪವಿಭಾಗಾಧಿಕಾರಿ, ಅಂದ್ರ ಎಸಿ ಆಫೀಸಿನಾಗ ಅರ್ಜಿ ಕೊಡ್ರಿ. ಅವ್ವನ ಹೆಸರಲ್ಲೇ ಇರಬೇಕು, ಆಕಿಗೆ ಬರಾಕ ಆಗದಿದ್ರ ನಿಮಗ ಅಧಿಕಾರ ಬರದು ಕೊಡಬಹುದು, ಹೆಬ್ಬೆಟ್ಟು ಒತ್ತಿದ್ರೂ ನಡೀತೈತಿ. ವಕೀಲ್ರನ್ನ ಇಟ್ಕೋಬೇಕಂತ ಇಲ್ಲ. ನೋಟಿಸ್ ಮುಟ್ಟಿದ 90 ದಿನದೊಳಗ ತೀರ್ಮಾನ ಮಾಡಬೇಕು, ವಿಶೇಷ ಕಾರಣ ಇದ್ರ ಇನ್ನೊಂದು 30 ದಿನ. ಮಕ್ಕಳಿಂದ ಕೊಡಸೋ ರೊಕ್ಕಕ್ಕ ತಿಂಗಳಿಗೆ ಗರಿಷ್ಠ 10,000 ಅಂತ ಮಿತಿ ಐತಿ, ಹಂಗಾಗಿ ಪೂರ್ತಿ ಖರ್ಚು ಅಲ್ಲಿಂದ ಬರೂದಿಲ್ಲ. ಅವ್ವ "ನನ್ನ ನೋಡ್ಕೋಬೇಕು" ಅಂತ ಷರತ್ತು ಹಾಕಿ ಅಣ್ಣಂದಿರಿಗೆ ಹೊಲ ಬರದು ಕೊಟ್ಟಿದ್ರ, ಅದನ್ನ ರದ್ದು ಮಾಡ್ರಿ ಅಂತ ಕೇಳಾಕೂ ಅದೇ ಕಾಯ್ದ್ಯಾಗ 23ನೇ ಸೆಕ್ಷನ್ ಐತಿ, ಪತ್ರ ತೆಗೆದು ನೋಡ್ರಿ. ಅರ್ಜಿ ಜೊತಿ ಬರೇ ಫೀಸ್ ರಸೀದಿ ಹಚ್ಚಬ್ಯಾಡ್ರಿ, ಡಾಕ್ಟ್ರ ಚೀಟಿ, 10 ಕೆಲಸದ ಆ ಬಾರ್ಥೆಲ್ ಹಾಳಿ, ಡೈಪರ್-ಔಷಧದ ಬಿಲ್ಲು ಎಲ್ಲಾ ತಾರೀಖಿನ ಪ್ರಕಾರ ಜೋಡ್ಸಿ ಹಚ್ಚ್ರಿ. ಅಣ್ಣಂದಿರು "ಅವ್ವ ಚಲೋ ಅದಾಳ, ಸುಮ್ನ ಖರ್ಚು ತೋರಿಸ್ತಾನ" ಅಂತ ಹೇಳೇ ಹೇಳ್ತಾರ, ಆವಾಗ ಸಾಹೇಬ್ರ ಕೈಯಾಗ ಆ ಹಾಳಿ ಇರಬೇಕು.